ಡಿಫರೆನ್ಷಿಯಲ್‌ಗೊಂದು ತೂಬು

ಕಬ್ಬು ಅರೆಯುವ ಕಾಲ ಬಂತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರಸ್ತೆಗಳಲ್ಲಿ ಲಾರಿ ಮತ್ತು ಟ್ರ್ಯಾಕ್ಟರುಗಳ ಸಾಲು ಕಾಣುತ್ತದೆ. ಹೊಳಲಿನಂಥ ಹಳ್ಳಿಯ ಬಯಲಿನಿಂದ ಹೊರಟ ವಾಹನ ಗದ್ದೆಯಂಚಿನ ಕೆಸರು ಹಾದಿಯನ್ನೂ ಗುಂಡಿ ಬಿದ್ದ ಊರ ರಸ್ತೆಯನ್ನೂ ದಾಟಿ ಮಂಡ್ಯದ ಕಾರ್ಖಾನೆಯನ್ನೋ ಮದ್ದೂರು ತಾಲ್ಲೂಕಿನ ಕೊಪ್ಪ, ಭಾರತೀನಗರಗಳ ಕಾರ್ಖಾನೆಯನ್ನೋ ತಲುಪಬೇಕು. ಈ ದಾರಿಯುದ್ದಕ್ಕೂ ಎಂಜಿನ್ನಿನ ಸದ್ದು ಎಲ್ಲರ ಕಿವಿಗೂ ಬೀಳುತ್ತದೆ. ಎಂಜಿನ್ನಿನ ಎಣ್ಣೆಯನ್ನು ಚಾಲಕರು ಕಡ್ಡಿ ಎಳೆದು ನೋಡುತ್ತಲೇ ಇರುತ್ತಾರೆ. ಆದರೆ ಹಿಂದಿನ ಚಕ್ರಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿಕೊಂಡಿರುವ ಭಾಗದ ಕಡೆಗೆ ಬಗ್ಗಿ ನೋಡುವವರು ಕಡಿಮೆ. ಅದೇ ಡಿಫರೆನ್ಷಿಯಲ್. ಎಂಜಿನ್ನಿನ ಶಕ್ತಿ ಚಕ್ರಗಳನ್ನು ಸೇರುವುದು ಅದರ ಮೂಲಕವೇ.

ಈ ಉಬ್ಬಿನೊಳಗೆ ಕೆಲವು ಲೀಟರು ದಪ್ಪನೆಯ ಎಣ್ಣೆ ಇರುತ್ತದೆ. ಅದು ಹಳೆಯದಾದಾಗ ತೆಗೆದು ಹೊಸದನ್ನು ತುಂಬಬೇಕು. ಭಾರಿ ಲಾರಿಗಳಲ್ಲಿ ಹಳೆಯ ಎಣ್ಣೆ ಇಳಿಸಲು ತಳದಲ್ಲಿ ಸಾಮಾನ್ಯವಾಗಿ ಒಂದು ಬಿರಡೆ ಇರುತ್ತದೆ. ಗ್ಯಾರೇಜುಗಳಲ್ಲಿ ಇದಕ್ಕೆ ಡ್ರೈನ್ ಪ್ಲಗ್ ಎನ್ನುತ್ತಾರೆ. ಆದರೆ ಎಲ್ಲ ವಾಹನಗಳಲ್ಲೂ ಅದು ಇರುವುದಿಲ್ಲ. ಮುಖ್ಯವಾಗಿ ಅಮೆರಿಕದ ಹಲವು ಪಿಕಪ್ ಟ್ರಕ್ಕುಗಳ ಹಿಂದಿನ ಅಚ್ಚಿನಲ್ಲಿ ತುಂಬುವ ರಂಧ್ರ ಮಾತ್ರ ಇರುತ್ತದೆ, ಇಳಿಸುವ ರಂಧ್ರ ಇರುವುದಿಲ್ಲ. ಇಂಥ ವಾಹನಕ್ಕೆ ಡ್ರೈನ್ ಪ್ಲಗ್ ಕೂರಿಸುವುದು ನೋಡಲು ಅರ್ಧ ದಿನದ ಕೆಲಸ. ಅದನ್ನು ಎಲ್ಲಿ ಕೂರಿಸಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ದ್ರವವಿಜ್ಞಾನ, ವಸ್ತುಗಳ ಬಲ, ಅನಿಲ ನಿಯಮ, ಗುಣೋತ್ತರ ಶ್ರೇಢಿ ಎಲ್ಲವೂ ಎದುರಾಗುತ್ತವೆ.

ಎತ್ತಿನ ಗಾಡಿಗೆ ಬೇಡದ್ದು, ಲಾರಿಗೆ ಬೇಕಾದದ್ದು

ಎತ್ತಿನ ಗಾಡಿಯ ಇರುಸು ತಿರುಗುವುದಿಲ್ಲ. ಅದರ ಎರಡು ತುದಿಗಳಲ್ಲಿ ಚಕ್ರಗಳು ತಮ್ಮ ಪಾಡಿಗೆ ತಾವು ತಿರುಗುತ್ತವೆ. ಗಾಡಿ ಎಡಕ್ಕೆ ಹೊರಳಿದಾಗ ಬಲಚಕ್ರ ಹೆಚ್ಚು ದೂರ, ಎಡಚಕ್ರ ಕಡಿಮೆ ದೂರ ಉರುಳುತ್ತದೆ. ಯಾವ ತೊಡಕೂ ಇಲ್ಲ, ಏಕೆಂದರೆ ಎಳೆಯುವುದು ಎತ್ತು. ಚಕ್ರಗಳನ್ನು ಯಾರೂ ತಿರುಗಿಸುತ್ತಿಲ್ಲ.

ಲಾರಿಯಲ್ಲಿ ಎಂಜಿನ್ನು ಚಕ್ರಗಳನ್ನೇ ತಿರುಗಿಸಬೇಕು. ಎರಡು ಚಕ್ರಗಳನ್ನೂ ಒಂದೇ ಸರಳಿಗೆ ಬಿಗಿದರೆ ತಿರುವಿನಲ್ಲಿ ಒಂದು ಚಕ್ರ ನೆಲಕ್ಕೆ ಉಜ್ಜಿಕೊಂಡು ಜಾರಲೇಬೇಕು. ಎಷ್ಟು ಜಾರಬೇಕು? ಚಕ್ರಗಳ ನಡುವಿನ ಅಂತರ 1.8 ಮೀಟರ್ ಇದ್ದು ವಾಹನ ಕಾಲು ವೃತ್ತ ತಿರುಗಿದರೆ ಹೊರಚಕ್ರ ಒಳಚಕ್ರಕ್ಕಿಂತ 1.8 × 3.14 ÷ 2, ಅಂದರೆ ಸುಮಾರು 2.8 ಮೀಟರ್ ಹೆಚ್ಚು ಸಾಗುತ್ತದೆ. ತಿರುವು ಕಿರಿದಾಗಿರಲಿ, ವಿಶಾಲವಾಗಿರಲಿ, ಈ ವ್ಯತ್ಯಾಸ ಮಾತ್ರ ಬದಲಾಗುವುದಿಲ್ಲ. ವಿದ್ಯಾರ್ಥಿಗಳು ಎರಡು ವೃತ್ತ ಬರೆದು ಇದನ್ನು ತಾವೇ ಸಾಧಿಸಿ ನೋಡಬಹುದು.

ಎರಡು ಚಕ್ರಗಳಿಗೂ ಶಕ್ತಿ ಕೊಟ್ಟು, ಅವು ಬೇರೆ ಬೇರೆ ವೇಗದಲ್ಲಿ ತಿರುಗಲೂ ಬಿಡುವ ಹಲ್ಲುಚಕ್ರಗಳ ಜೋಡಣೆಯೇ ಡಿಫರೆನ್ಷಿಯಲ್. ಉಗಿ ವಾಹನಕ್ಕಾಗಿ ಇದನ್ನು ರೂಪಿಸಿ 1820ರ ದಶಕದ ಕೊನೆಯಲ್ಲಿ ಪೇಟೆಂಟ್ ಪಡೆದವನು ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್. ಎಂಜಿನ್ನಿನ ಕಡೆಯಿಂದ ಬರುವ ಉದ್ದನೆಯ ಶಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವಿದೆ. ಅದು ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಪಿನಿಯನ್‌ಗೆ 6, ಕ್ರೌನ್‌ಗೆ 36 ಹಲ್ಲುಗಳಿದ್ದರೆ ವೇಗ ಆರರಲ್ಲಿ ಒಂದು ಪಾಲಾಗಿ ತಿರುಚುಬಲ ಆರರಷ್ಟಾಗುತ್ತದೆ. ಕ್ರೌನಿನ ಜೊತೆಗೇ ತಿರುಗುವ ಪೆಟ್ಟಿಗೆಯೊಳಗಿನ ಪುಟ್ಟ ಹಲ್ಲುಚಕ್ರಗಳು ಈ ಬಲವನ್ನು ಎರಡು ಬದಿಗೂ ಹಂಚುತ್ತವೆ. ಇವೆಲ್ಲವನ್ನೂ ಒಳಗಿಟ್ಟುಕೊಂಡಿರುವ ಕವಚಕ್ಕೆ ಗ್ಯಾರೇಜಿನಲ್ಲಿ ಹೌಸಿಂಗ್ ಎಂದು ಹೆಸರು.

ಕೀಲೆಣ್ಣೆಯ ಕೆಲಸ

ಹುಲ್ಲು ಸುಟ್ಟ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ಬಿದಿರಿನ ಗೊಟ್ಟದಲ್ಲಿಟ್ಟುಕೊಂಡು ಇರುಸಿಗೆ ಹಚ್ಚುತ್ತಿದ್ದ ಕಾಲವೊಂದಿತ್ತು. ಆ ಕೀಲೆಣ್ಣೆಯ ಕೆಲಸವನ್ನೇ ಡಿಫರೆನ್ಷಿಯಲ್‌ನಲ್ಲಿ ಗಿಯರ್ ಎಣ್ಣೆ ಮಾಡುತ್ತದೆ. ಮೆಕ್ಯಾನಿಕರು ಇದನ್ನು 90 ನಂಬರ್ ಆಯಿಲ್ ಎನ್ನುವುದುಂಟು. ಇದು ಸ್ನಿಗ್ಧತೆಯ ಶ್ರೇಣಿಯನ್ನು ಸೂಚಿಸುವ ಸಂಖ್ಯೆ. ಎಣ್ಣೆಯನ್ನು ಮೇಲೆತ್ತಲು ಇಲ್ಲಿ ಸಾಮಾನ್ಯವಾಗಿ ಪಂಪು ಇರುವುದಿಲ್ಲ. ಕ್ರೌನ್ ಚಕ್ರದ ಕೆಳಭಾಗ ಎಣ್ಣೆಯಲ್ಲಿ ಮುಳುಗಿದ್ದು, ತಿರುಗುವಾಗ ಎಣ್ಣೆಯನ್ನು ಹೊತ್ತೊಯ್ದು ಎಲ್ಲ ಕಡೆಗೂ ಎರಚುತ್ತದೆ.

ಪಿನಿಯನ್ನಿನ ಅಕ್ಷವು ಕ್ರೌನಿನ ಮಧ್ಯಕ್ಕಿಂತ ಕೆಳಗಿರುವ ಹೈಪಾಯ್ಡ್ ಜೋಡಣೆಯಲ್ಲಿ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಜಾರುತ್ತವೆ ಕೂಡ. ಭಾರಿ ಒತ್ತಡದಲ್ಲಿ ಹೀಗೆ ಜಾರುವಾಗ ಎಣ್ಣೆಯ ಪದರ ಹರಿದು ಲೋಹಕ್ಕೆ ಲೋಹ ತಾಗುವ ಅಪಾಯವಿದೆ. ಅದನ್ನು ತಡೆಯಲು ಎಣ್ಣೆಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಸೇರಿಸಿರುತ್ತಾರೆ. ತಾಗುವ ಜಾಗದ ಕಾವಿನಲ್ಲಿ ಇವು ಕಬ್ಬಿಣದೊಡನೆ ವರ್ತಿಸಿ ತೆಳುವಾದ ರಕ್ಷಣಾ ಪದರವನ್ನು ಕಟ್ಟುತ್ತವೆ. ಗಿಯರ್ ಎಣ್ಣೆಯ ಘಾಟು ವಾಸನೆ ಬರುವುದು ಈ ಗಂಧಕದಿಂದ.

ಎಷ್ಟೇ ಕಾಪಾಡಿದರೂ ಹಲ್ಲುಗಳು ಸ್ವಲ್ಪ ಸವೆಯುತ್ತವೆ. ಎಂಜಿನ್ನಿನಲ್ಲಿ ಎಣ್ಣೆ ಸೋಸುವ ಫಿಲ್ಟರ್ ಇದೆ. ಡಿಫರೆನ್ಷಿಯಲ್‌ನಲ್ಲಿ ಸಾಮಾನ್ಯವಾಗಿ ಅದೂ ಇಲ್ಲ. ಸವೆದ ಕಬ್ಬಿಣದ ಪುಡಿ ಒಳಗೇ ಉಳಿಯುತ್ತದೆ. ಹಳೆಯ ಸೀಲಿನ ಮೂಲಕ ನೀರು, ದೂಳು ಸೇರಿದರೆ ಅದೂ ಅಲ್ಲೇ ಉಳಿಯುತ್ತದೆ. ಎಣ್ಣೆಯೊಂದಿಗೆ ಮತ್ತೆ ಮತ್ತೆ ಹಲ್ಲುಗಳ ನಡುವೆ, ಬೇರಿಂಗುಗಳ ನಡುವೆ ಹೋಗುವ ಈ ಪುಡಿ ಉಪ್ಪುಕಾಗದದಂತೆ ಕೆಲಸ ಮಾಡುತ್ತದೆ. ಸವೆತವೇ ಇನ್ನಷ್ಟು ಸವೆತಕ್ಕೆ ಕಾರಣವಾಗುತ್ತದೆ.

ಕೋಡಿ ಇದೆ, ತೂಬಿಲ್ಲ

ಕೆರೆಯೊಂದನ್ನು ನೆನಪಿಸಿಕೊಳ್ಳಿ. ಕೆರೆಯ ನೀರಿನ ಮಟ್ಟವನ್ನು ನಿರ್ಧರಿಸುವುದು ಕೋಡಿ. ಅದಕ್ಕಿಂತ ಹೆಚ್ಚಾದ ನೀರು ಹರಿದುಹೋಗುತ್ತದೆ. ಒಳಗಿನ ನೀರನ್ನು ಬಿಡಲು ತಳಮಟ್ಟದಲ್ಲಿ ತೂಬು ಇರುತ್ತದೆ. ಡಿಫರೆನ್ಷಿಯಲ್‌ನ ತುಂಬುವ ರಂಧ್ರ ಕೋಡಿಯಿದ್ದಂತೆ: ಅದರ ಕೆಳಅಂಚೇ ಎಣ್ಣೆಯ ಸರಿಯಾದ ಮಟ್ಟ. ಡ್ರೈನ್ ಪ್ಲಗ್ ಇಲ್ಲದ ಹೌಸಿಂಗು ತೂಬಿಲ್ಲದ ಕೆರೆ.

ತಯಾರಕರು ತೂಬು ಇಡದಿರಲು ಕಾರಣಗಳಿವೆ. ಒಂದು ರಂಧ್ರ ಕೊರೆದು ತಿರುಪು ಮಾಡಿ ಬಿರಡೆ ಹಾಕುವ ಖರ್ಚು ಉಳಿಯುತ್ತದೆ. ಸೋರಬಹುದಾದ ಒಂದು ಜಾಗ ಕಡಿಮೆಯಾಗುತ್ತದೆ. ಅತಿ ತಗ್ಗಿನಲ್ಲಿರುವ ಬಿರಡೆಗೆ ಕಲ್ಲು ಬಡಿಯುವ ಭಯ ಇರುವುದಿಲ್ಲ. ಇಂಥ ಅಚ್ಚುಗಳ ಹಿಂಬದಿಯಲ್ಲಿ ಬೋಲ್ಟುಗಳಿಂದ ಬಿಗಿದ ಮುಚ್ಚಳವಿರುತ್ತದೆ. ಅದನ್ನು ಬಿಚ್ಚಿ ಎಣ್ಣೆ ಚೆಲ್ಲಿ, ಒಳಗನ್ನು ಒರೆಸಿ, ಹಲ್ಲುಗಳನ್ನು ಕಣ್ಣಾರೆ ನೋಡಿ, ಹೊಸ ಪ್ಯಾಕಿಂಗ್ ಹಾಕಿ ಮುಚ್ಚಬೇಕೆಂಬುದು ತಯಾರಕರ ಲೆಕ್ಕ. ಈ ಲೆಕ್ಕ ತಪ್ಪಲ್ಲ. ಆದರೆ ಮುಚ್ಚಳ ಸಡಿಲಿಸಿದೊಡನೆ ಎಣ್ಣೆ ಅಂಚಿನುದ್ದಕ್ಕೂ ಸುರಿಯುತ್ತದೆ, ಪಾತ್ರೆಗೆ ಹಿಡಿಯುವುದು ಕಷ್ಟ. ಹಳೆಯ ಪ್ಯಾಕಿಂಗ್ ಕೆರೆದು ತೆಗೆಯಲು ಹೊತ್ತು ಬೇಕು. ಕೆಲಸ ಕಷ್ಟವಾದಷ್ಟೂ ಅದನ್ನು ಮುಂದೂಡುವುದು ಮನುಷ್ಯರ ಸ್ವಭಾವ. ಕೊನೆಗೆ ಉಳಿಯುವ ದಾರಿ, ತುಂಬುವ ರಂಧ್ರದಿಂದ ಕೊಳವೆ ಇಳಿಸಿ ಪಂಪಿನಿಂದ ಹಳೆಯ ಎಣ್ಣೆಯನ್ನು ಹೀರುವುದು. ಹೀಗೆ ಮಾಡಿದರೆ ಆಗುವುದೇನು?

ಹೂಳಿನ ಲೆಕ್ಕ

ದ್ರವದಲ್ಲಿ ಮುಳುಗುವ ಸಣ್ಣ ಗೋಳದ ವೇಗವನ್ನು ಲೆಕ್ಕ ಹಾಕುವ ಸೂತ್ರವನ್ನು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1851ರಲ್ಲಿ ಕೊಟ್ಟನು. ಕಣದ ಮತ್ತು ದ್ರವದ ಸಾಂದ್ರತೆಗಳ ವ್ಯತ್ಯಾಸ ಹೆಚ್ಚಿದಷ್ಟೂ ವೇಗ ಹೆಚ್ಚು. ದ್ರವದ ಸ್ನಿಗ್ಧತೆ ಹೆಚ್ಚಿದಷ್ಟೂ ವೇಗ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ವೇಗವು ಕಣದ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿದೆ.

ಕಬ್ಬಿಣದ ಸಾಂದ್ರತೆ ಘನ ಮೀಟರಿಗೆ ಸುಮಾರು 7,800 ಕಿಲೋಗ್ರಾಂ, ಗಿಯರ್ ಎಣ್ಣೆಯದು ಸುಮಾರು 890. 90 ನಂಬರಿನ ಎಣ್ಣೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿಗಿಂತ ಸುಮಾರು 160 ಪಟ್ಟು ಸ್ನಿಗ್ಧ. 100 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ ಹತ್ತರಲ್ಲೊಂದು ಪಾಲಿಗಿಂತ ಕಡಿಮೆಯಾಗುತ್ತದೆ. ಈ ಬೆಲೆಗಳನ್ನು ಸೂತ್ರದಲ್ಲಿ ಇಟ್ಟರೆ, 50 ಮೈಕ್ರಾನ್ ವ್ಯಾಸದ ಕಬ್ಬಿಣದ ಕಣ 10 ಸೆಂ.ಮೀ. ಇಳಿಯಲು 100 ಡಿಗ್ರಿಯಲ್ಲಿ ಎರಡೂವರೆ ನಿಮಿಷ, 40 ಡಿಗ್ರಿಯಲ್ಲಿ ಸುಮಾರು ಅರ್ಧ ಗಂಟೆ ಬೇಕು. ಕಣದ ವ್ಯಾಸ 5 ಮೈಕ್ರಾನ್ ಆದರೆ ವೇಗ ನೂರರಲ್ಲೊಂದು ಪಾಲು. ಆಗ 40 ಡಿಗ್ರಿಯಲ್ಲಿ ಅದೇ 10 ಸೆಂ.ಮೀ. ಇಳಿಯಲು ಸುಮಾರು ಎರಡು ದಿನ ಹಿಡಿಯುತ್ತದೆ.

ಇದರಿಂದ ಎರಡು ವಿಷಯ ತಿಳಿಯುತ್ತವೆ. ರಾತ್ರಿ ನಿಲ್ಲಿಸಿದ ಲಾರಿಯಲ್ಲಿ ದಪ್ಪ ಕಣಗಳೆಲ್ಲ ಬೆಳಗಿನ ವೇಳೆಗೆ ತಳದಲ್ಲಿ ಹೂಳಾಗಿ ಕುಳಿತಿರುತ್ತವೆ. ನಯವಾದ ಕಣಗಳು ಮಾತ್ರ ತೇಲುತ್ತಿರುತ್ತವೆ. ತಣ್ಣನೆಯ ಎಣ್ಣೆಯನ್ನು ಮೇಲಿನಿಂದ ಹೀರಿದರೆ ಎಣ್ಣೆ ಬರುತ್ತದೆ, ಹೂಳು ಉಳಿಯುತ್ತದೆ. ಎರಡನೆಯದು, ಎಣ್ಣೆ ಬದಲಿಸುವುದಾದರೆ ವಾಹನ ಓಡಿ ಬಂದ ಸ್ವಲ್ಪ ಹೊತ್ತಿನಲ್ಲೇ ಬದಲಿಸಬೇಕು. ಆಗ ಎಣ್ಣೆ ತೆಳುವಾಗಿರುತ್ತದೆ, ಕಣಗಳಲ್ಲಿ ಬಹುಪಾಲು ಇನ್ನೂ ಅದರಲ್ಲೇ ಕಲೆತಿರುತ್ತವೆ. ಕೈ ಸುಡುವಷ್ಟು ಬಿಸಿ ಇರಬಾರದು, ಅಷ್ಟೆ.

ಉಳಿದ ಹೂಳು ಪ್ರತಿ ಸಲವೂ ಹೇಗೆ ಕೂಡುತ್ತದೆ ಎಂಬುದನ್ನು ಗುಣೋತ್ತರ ಶ್ರೇಢಿಯಿಂದ ತಿಳಿಯಬಹುದು. ಎರಡು ಬದಲಾವಣೆಗಳ ನಡುವೆ ಒಂದು ಅಳತೆ ಪುಡಿ ಹುಟ್ಟುತ್ತದೆ ಎನ್ನೋಣ. ಹೀರುವ ವಿಧಾನದಲ್ಲಿ ಅದರ ಅರ್ಧ ಒಳಗೇ ಉಳಿದರೆ, ಪ್ರತಿ ಬದಲಾವಣೆಯ ಹೊತ್ತಿಗೆ ಒಳಗಿರುವ ಪುಡಿ ಕ್ರಮವಾಗಿ 1, 1.5, 1.75, 1.875 ಹೀಗೆ ಬೆಳೆದು 2ರ ಹತ್ತಿರ ನಿಲ್ಲುತ್ತದೆ. ತಳದ ಬಿರಡೆಯಿಂದ ಇಳಿಸಿ ಹತ್ತರಲ್ಲೊಂದು ಪಾಲು ಮಾತ್ರ ಉಳಿದರೆ 1, 1.1, 1.11 ಹೀಗೆ ಬೆಳೆದು 1.11ರ ಹತ್ತಿರ ನಿಲ್ಲುತ್ತದೆ. ಅರ್ಧ, ಹತ್ತನೇ ಒಂದು ಎಂಬವು ಲೆಕ್ಕಕ್ಕಾಗಿ ಹಿಡಿದ ಸಂಖ್ಯೆಗಳು. ಮುಖ್ಯವಾದ ಮಾತು ಬೇರೆ: ಮೊದಲ ರೀತಿಯಲ್ಲಿ ಹೊಸ ಎಣ್ಣೆ ತುಂಬಿದ ಗಳಿಗೆಯಲ್ಲೇ ಅದರೊಳಗೆ ಸುಮಾರು ಒಂದು ಅಳತೆ ಹಳೆಯ ಪುಡಿ ಇರುತ್ತದೆ. ಕೊಟ್ಟ ದುಡ್ಡಿಗೆ ಎಣ್ಣೆ ಹೊಸದಾಗಿದೆ, ಅದರೊಳಗಿನ ಉಪ್ಪುಕಾಗದ ಹಳೆಯದೇ ಆಗಿದೆ.

ತೂತು ಎಲ್ಲಿ?

ಹಾಗಾದರೆ ಹೌಸಿಂಗಿನ ಅತಿ ತಗ್ಗಾದ ಜಾಗಕ್ಕೆ ಡ್ರಿಲ್ ಹಿಡಿದುಬಿಡೋಣವೇ? ನಿಲ್ಲಿ. ಇಲ್ಲಿಯೇ ಎಚ್ಚರ ಬೇಕು.

ಹಿಂದಿನ ಅಚ್ಚಿನ ಹೌಸಿಂಗು ಎಣ್ಣೆಯ ಪಾತ್ರೆ ಮಾತ್ರವಲ್ಲ, ಅದೊಂದು ತೊಲೆ. ಎರಡು ತುದಿಗಳಲ್ಲಿ ಚಕ್ರಗಳು ಅದನ್ನು ಹೊತ್ತಿವೆ. ನಡುವೆ ಎರಡು ಕಡೆ ಕಮಾನುಪಟ್ಟೆಗಳ ಮೂಲಕ ಲಾರಿಯ ಭಾರ ಅದರ ಮೇಲೆ ಕೂರುತ್ತದೆ. ಎರಡು ತುದಿಗೆ ಇಟ್ಟಿಗೆ ಇಟ್ಟು ನಡುವೆ ಭಾರ ಹೇರಿದ ಹಲಗೆಯಂತೆ ಈ ತೊಲೆ ಕೆಳಕ್ಕೆ ಬಾಗಲು ನೋಡುತ್ತದೆ. ಬಾಗುವ ತೊಲೆಯ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ಅಂದರೆ ಎಳೆತ ಅತಿ ಹೆಚ್ಚಾಗಿರುವುದು ತಳದ ಮೇಲ್ಮೈಯಲ್ಲಿ.

ಒಂದು ಉದಾಹರಣೆ ನೋಡೋಣ. ನಾಲ್ಕು ಟೈರುಗಳ ಒಂದು ಅಚ್ಚಿಗೆ ನಮ್ಮ ದೇಶದಲ್ಲಿ ಅನುಮತಿ ಇದ್ದ ಭಾರವನ್ನು 2018ರಲ್ಲಿ 10.2 ಟನ್ನಿನಿಂದ 11.5 ಟನ್ನಿಗೆ ಏರಿಸಲಾಯಿತು. ಒಂದೊಂದು ಬದಿಗೆ 5.75 ಟನ್. ಚಕ್ರದ ಮಧ್ಯದಿಂದ ಕಮಾನುಪಟ್ಟೆಗೆ 40 ಸೆಂ.ಮೀ. ದೂರವಿದೆ ಎಂದಿಟ್ಟುಕೊಂಡರೆ ತೊಲೆಯನ್ನು ಬಾಗಿಸುವ ಪ್ರಭಾವ, ಅಂದರೆ ಬಲ ಮತ್ತು ದೂರಗಳ ಗುಣಲಬ್ಧ, ಸುಮಾರು 22,500 ನ್ಯೂಟನ್ ಮೀಟರ್. ಎರಡು ಕಮಾನುಪಟ್ಟೆಗಳ ನಡುವಿನ ಉದ್ದಕ್ಕೂ ಈ ಬೆಲೆ ಒಂದೇ ಸಮನಾಗಿರುತ್ತದೆ. ಇದು ನಿಂತ ಲಾರಿಯ ಲೆಕ್ಕ. ಗುಂಡಿಗೆ ಬಿದ್ದು ಏಳುವಾಗ, ಕಬ್ಬನ್ನು ಮಿತಿಮೀರಿ ಹೇರಿದಾಗ ಇದು ಇನ್ನೂ ಹೆಚ್ಚು.

ಎಳೆತದಲ್ಲಿರುವ ಹಾಳೆಗೆ ತೂತು ಮಾಡಿದರೆ ಏನಾಗುತ್ತದೆ ಎಂಬುದನ್ನು ಜರ್ಮನಿಯ ಕಿರ್ಷ್ 1898ರಲ್ಲಿ ಗಣಿತದಿಂದ ತೋರಿಸಿದನು. ಅಗಲವಾದ ಹಾಳೆಯಲ್ಲಿ ಒಂದು ದುಂಡು ರಂಧ್ರವಿದ್ದರೆ ಅದರ ಎರಡು ಪಕ್ಕಗಳಲ್ಲಿ ಎಳೆತದ ಪೀಡನ ಉಳಿದೆಡೆಗಿಂತ ಮೂರು ಪಟ್ಟಾಗುತ್ತದೆ. ರಂಧ್ರ ಚಿಕ್ಕದಾದರೂ ಮೂರು ಪಟ್ಟೇ. ಒಂದು ದಿನದಲ್ಲಿ ಇದರಿಂದ ಏನೂ ಆಗದಿರಬಹುದು. ಆದರೆ ಲಕ್ಷಾಂತರ ಕುಲುಕಾಟಗಳಲ್ಲಿ ಅಲ್ಲಿಂದ ಕೂದಲೆಳೆಯ ಬಿರುಕು ಹೊರಟು ಬೆಳೆಯಬಲ್ಲದು. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. ಭಾರ ಹೊತ್ತ ಲಾರಿಯ ಅಚ್ಚು ರಸ್ತೆಯ ಮೇಲೆ ಮುರಿದರೆ ಹೋಗುವುದು ಬರೀ ಎಣ್ಣೆಯಲ್ಲ.

ಎಣ್ಣೆಗೆ ಎಲ್ಲಕ್ಕಿಂತ ಒಳ್ಳೆಯ ಜಾಗ ಉಕ್ಕಿಗೆ ಎಲ್ಲಕ್ಕಿಂತ ಕೆಟ್ಟ ಜಾಗ. ಕಾರ್ಖಾನೆಯಲ್ಲೇ ಹೌಸಿಂಗಿನ ತಳಕ್ಕೆ ಬಿರಡೆ ಇಟ್ಟಿದ್ದರೆ ಅಲ್ಲಿ ಕವಚದ ಆಳವನ್ನೂ ರಂಧ್ರದ ಸುತ್ತಿನ ದಪ್ಪವನ್ನೂ ಲೆಕ್ಕ ಹಾಕಿಯೇ ಇಟ್ಟಿರುತ್ತಾರೆ. ಆಮೇಲೆ ಕೊರೆಯುವವರ ಬಳಿ ಆ ಲೆಕ್ಕ ಇರುವುದಿಲ್ಲ. ಆದ್ದರಿಂದ ಭಾರ ಹೊರುವ ಕವಚವನ್ನೂ ಎರಡು ಬದಿಯ ಕೊಳವೆಗಳನ್ನೂ ಮುಟ್ಟಬಾರದು. ಬಿರಡೆಗೆ ತಕ್ಕ ಜಾಗ ಬೋಲ್ಟಿನಿಂದ ಬಿಗಿದ ಹಿಂಬದಿಯ ಮುಚ್ಚಳದ ಕೆಳಭಾಗ. ಬಾಗಿಸುವ ಹೊರೆಯ ಬಹುಪಾಲನ್ನು ಕವಚವೇ ಹೊರುವುದರಿಂದ ಮುಚ್ಚಳದ ಪಾಲಿಗೆ ಬರುವುದು ಕಡಿಮೆ. ಕೆಲಸ ಕೆಟ್ಟರೂ ಮುಚ್ಚಳವನ್ನು ಬದಲಿಸಬಹುದು, ಅಚ್ಚನ್ನು ಬದಲಿಸಬೇಕಾಗಿಲ್ಲ. ಬಿಚ್ಚುವ ಮುಚ್ಚಳವೇ ಇಲ್ಲದ, ಬಿರಡೆಯೂ ಇಲ್ಲದ ಹೌಸಿಂಗನ್ನು ಕೊರೆಯದೆ ಬಿಡುವುದೇ ಸರಿ. ಅಲ್ಲಿ ಬಿಸಿ ಎಣ್ಣೆಯನ್ನು ಹೀರಿ ತೆಗೆಯುವುದನ್ನೇ ಹೆಚ್ಚು ಸಲ ಮಾಡಬೇಕು.

ಬಿರಡೆ ಕೂರಿಸುವ ಬಗೆ

ಇದು ಲೇತ್ ಮತ್ತು ವೆಲ್ಡಿಂಗ್ ಬಲ್ಲವರ ಕೆಲಸ. ವಾಹನ ವಾರಂಟಿಯಲ್ಲಿದ್ದರೆ ಮೊದಲು ಅದರ ಷರತ್ತು ನೋಡಿಕೊಳ್ಳಬೇಕು. ಕೆಲಸದ ಹಿಂದಿರುವ ಕಾರಣಗಳು ಹೀಗಿವೆ.

ಮೊದಲು ತುಂಬುವ ರಂಧ್ರದ ಬಿರಡೆ ಬಿಚ್ಚುತ್ತದೆಯೇ ಎಂದು ನೋಡಬೇಕು. ಎಣ್ಣೆ ಇಳಿಸಿದ ಮೇಲೆ ಅದು ತುಕ್ಕು ಹಿಡಿದು ಬಿಚ್ಚದಿದ್ದರೆ ವಾಹನ ನಿಂತಲ್ಲೇ ನಿಲ್ಲುತ್ತದೆ. ಬಳಿಕ ವಾಹನವನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡೆ ಕೊಟ್ಟು, ರಸಮಟ್ಟ ಹಿಡಿದು ಮುಚ್ಚಳದ ಮೇಲೆ ಅತಿ ತಗ್ಗಿನ ಜಾಗವನ್ನು ಗುರುತು ಮಾಡಬೇಕು. ಮುಚ್ಚಳ ಬಿಚ್ಚಿದ ಮೇಲೆ ಈ ಗುರುತು ಸಿಗುವುದಿಲ್ಲ. ಬರೀ ಜಾಕಿನ ಮೇಲೆ ನಿಂತ ವಾಹನದ ಕೆಳಗೆ ಯಾರೂ ಹೋಗಬಾರದು.

ಕೊರೆಯುವ ಕೆಲಸವನ್ನು ಮುಚ್ಚಳವನ್ನು ಬಿಚ್ಚಿ ಹೊರಗೆ ತಂದೇ ಮಾಡಬೇಕು. ವಾಹನದ ಮೇಲೆಯೇ ಕೊರೆದರೆ ಉಕ್ಕಿನ ಸುರುಳಿಗಳು ಒಳಗೆ ಬೀಳುತ್ತವೆ. ಯಾವ ಪುಡಿಯನ್ನು ತೆಗೆಯಲು ಹೊರಟೆವೋ ಅದನ್ನೇ ಒಳಗೆ ಹಾಕಿದಂತಾಗುತ್ತದೆ.

ತಗಡಿನ ಮುಚ್ಚಳದ ದಪ್ಪ ಸುಮಾರು 3 ಮಿ.ಮೀ. ಎನ್ನೋಣ. 18 ಮಿ.ಮೀ. ವ್ಯಾಸದ, 1.5 ಮಿ.ಮೀ. ಪಿಚ್ಚಿನ ಬಿರಡೆಗೆ ಇದರಲ್ಲಿ ಸಿಗುವುದು ಎರಡೇ ಸುತ್ತು ತಿರುಪು. ನಾಲ್ಕು ಸಲ ಬಿಚ್ಚಿ ಹಾಕುವಷ್ಟರಲ್ಲಿ ಅದು ಹೋಗುತ್ತದೆ. ಆದ್ದರಿಂದ 12 ಮಿ.ಮೀ. ದಪ್ಪದ ಉಕ್ಕಿನ ಬಳೆಯೊಂದನ್ನು ಲೇತಿನಲ್ಲಿ ಮಾಡಿಸಿ ಮುಚ್ಚಳಕ್ಕೆ ವೆಲ್ಡ್ ಮಾಡುತ್ತಾರೆ. ಆಗ ಎಂಟು ಸುತ್ತು ಸಿಗುತ್ತದೆ. ತಿರುಪು ಕೊರೆಯುವ ಮುನ್ನ ಮಾಡಬೇಕಾದ ರಂಧ್ರದ ಅಳತೆ, ವ್ಯಾಸದಲ್ಲಿ ಪಿಚ್ಚನ್ನು ಕಳೆದಷ್ಟು: 18 − 1.5 = 16.5 ಮಿ.ಮೀ. ಬಳೆಯಾಗಲಿ ಬಿರಡೆಯಾಗಲಿ ಒಳಬದಿಯಲ್ಲಿ ಕ್ರೌನ್ ಚಕ್ರಕ್ಕೆ ತಾಗದಂತೆ ಜಾಗ ಬಿಟ್ಟಿರುವುದನ್ನು ಅಳೆದು ಖಚಿತಪಡಿಸಿಕೊಳ್ಳಬೇಕು. ಎರಕದ ಕಬ್ಬಿಣದ ಮುಚ್ಚಳ ವೆಲ್ಡಿಂಗ್ ಕಾವಿಗೆ ಬಿರುಕು ಬಿಡಬಹುದು. ಅದು ಸಾಕಷ್ಟು ದಪ್ಪವಿದ್ದರೆ ನೇರವಾಗಿ ಅದರಲ್ಲೇ ತಿರುಪು ಕೊರೆಯಬಹುದು.

ವೆಲ್ಡಿಂಗಿನ ಕಾವಿಗೆ ತಗಡು ಹಿಗ್ಗಿ, ಆರುವಾಗ ಕುಗ್ಗಿ ಸೊಟ್ಟಗಾಗುತ್ತದೆ. ಇದನ್ನು ತಡೆಯಲು ಮುಚ್ಚಳವನ್ನು ದಪ್ಪನೆಯ ಸಮತಟ್ಟು ಫಲಕಕ್ಕೆ ಬಿಗಿದು, ಸ್ವಲ್ಪ ಸ್ವಲ್ಪವಾಗಿ ವೆಲ್ಡ್ ಮಾಡಿ ಆರಲು ಬಿಡಬೇಕು. ಸೋರಿಕೆ ಪರೀಕ್ಷೆಗೆ ಹಳೆಯ ಉಪಾಯವೊಂದಿದೆ. ವೆಲ್ಡಿನ ಒಂದು ಬದಿಗೆ ಸೀಮೆಸುಣ್ಣ ಬಳಿದು, ಇನ್ನೊಂದು ಬದಿಗೆ ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಕಾಯಬೇಕು. ಸೀಮೆಎಣ್ಣೆಯ ಸ್ನಿಗ್ಧತೆ ಬಹಳ ಕಡಿಮೆ. ಸೂಜಿಮೊನೆಯಷ್ಟು ರಂಧ್ರವಿದ್ದರೂ ಅದು ಹಾದುಬಂದು ಸುಣ್ಣದ ಮೇಲೆ ಕಲೆ ಮೂಡಿಸುತ್ತದೆ.

ಮುಚ್ಚಳದ ಬಿರಡೆ ತೀರ ತಳಕ್ಕಿಂತ ಒಂದು ಬೆರಳು ಮೇಲೇ ಕೂರುತ್ತದೆ. ಹಾಗಾಗಿ ಸ್ವಲ್ಪ ಎಣ್ಣೆ ಉಳಿಯುತ್ತದೆ. ಇದಕ್ಕೊಂದು ಪರಿಹಾರ: ಎಣ್ಣೆ ಇಳಿಸುವಾಗ ಮುಂದಿನ ಚಕ್ರಗಳು ಏರಿನಲ್ಲಿರುವಂತೆ ವಾಹನವನ್ನು ನಿಲ್ಲಿಸಿ ಹಿಂಚಕ್ರಗಳಿಗೆ ಅಡೆ ಕೊಡುವುದು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 3.5 ಮೀಟರ್ ಇದ್ದು ಮುಂಭಾಗ 20 ಸೆಂ.ಮೀ. ಎತ್ತರದಲ್ಲಿದ್ದರೆ, 25 ಸೆಂ.ಮೀ. ಉದ್ದದ ಎಣ್ಣೆಯ ಹೊಂಡದಲ್ಲಿ ಎರಡು ತುದಿಗಳ ಎತ್ತರದ ವ್ಯತ್ಯಾಸ 25 × 20 ÷ 350, ಅಂದರೆ ಸುಮಾರು 1.4 ಸೆಂ.ಮೀ. ಎಣ್ಣೆ ಹಿಂದಕ್ಕೆ, ಬಿರಡೆಯ ಕಡೆಗೆ ಸರಿಯುತ್ತದೆ. ಹೊಸ ಎಣ್ಣೆ ತುಂಬುವಾಗ ಮಾತ್ರ ವಾಹನ ಸಮನೆಲದಲ್ಲೇ ಇರಬೇಕು. ಇಲ್ಲವಾದರೆ ಕೋಡಿ ತಪ್ಪು ಮಟ್ಟ ತೋರಿಸುತ್ತದೆ.

ಬಿರಡೆಯ ಮೇಲೆ ಎಷ್ಟು ಒತ್ತಡ?

ತಳದಲ್ಲಿರುವ ಬಿರಡೆಯನ್ನು ಎಣ್ಣೆಯೇ ನೂಕಿಬಿಡುತ್ತದೆ ಎಂದು ಹೆದರುವವರಿದ್ದಾರೆ. ಲೆಕ್ಕ ನೋಡೋಣ. ಎಣ್ಣೆಯ ಆಳ 15 ಸೆಂ.ಮೀ. ಇದ್ದರೆ ಒತ್ತಡ 890 × 9.8 × 0.15, ಅಂದರೆ ಸುಮಾರು 1,300 ಪಾಸ್ಕಲ್. ವಾಯುಭಾರದ ಎಪ್ಪತ್ತರಲ್ಲಿ ಒಂದು ಪಾಲೂ ಇಲ್ಲ.

ನಿಜವಾದ ಅಪಾಯ ಬೇರೆ ಕಡೆ ಇದೆ. ಹೌಸಿಂಗಿನ ಮೇಲೆ ಬ್ರೀದರ್ ಎಂಬ ಪುಟ್ಟ ಗಾಳಿಕಂಡಿ ಇರುತ್ತದೆ. ಕೆಸರು ಮೆತ್ತಿ ಅದು ಮುಚ್ಚಿಹೋಯಿತು ಎನ್ನಿ. ಒಳಗಿನ ಗಾಳಿ 27 ಡಿಗ್ರಿಯಿಂದ 87 ಡಿಗ್ರಿಗೆ ಕಾದರೆ, ಕೆಲ್ವಿನ್ ಮಾನದಲ್ಲಿ 300ರಿಂದ 360ಕ್ಕೆ ಏರಿದರೆ, ಒತ್ತಡ 1.2 ಪಟ್ಟಾಗುತ್ತದೆ. ಅಂದರೆ ಹೊರಗಿನದಕ್ಕಿಂತ ಸುಮಾರು 20,000 ಪಾಸ್ಕಲ್ ಹೆಚ್ಚು. ಇದು ಎಣ್ಣೆಯ ಆಳದ ಒತ್ತಡದ 15 ಪಟ್ಟು. ಬಿರಡೆ ತಡೆದುಕೊಂಡರೂ ಚಕ್ರದ ಬಳಿಯ ರಬ್ಬರ್ ಸೀಲು ಸೋತು ಎಣ್ಣೆ ಬ್ರೇಕಿನ ಮೇಲೆ ಹರಿಯಬಹುದು. ಬಿರಡೆ ಕೂರಿಸುವ ದಿನವೇ ಗಾಳಿಕಂಡಿಯನ್ನೂ ತೊಳೆಯುವುದು ಇದಕ್ಕಾಗಿಯೇ. ಬಿರಡೆಯ ಕೆಳಗೆ ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರ್ ಹಾಕಿದರೆ ಮೆದು ಲೋಹ ಅಮರಿಕೊಂಡು ಸೋರಿಕೆ ತಡೆಯುತ್ತದೆ. ಅತಿಯಾಗಿ ಬಿಗಿದರೆ ತಿರುಪೇ ಹಾಳಾಗುತ್ತದೆ.

ಅಯಸ್ಕಾಂತ ತರುವ ಸುದ್ದಿ

ತುದಿಯಲ್ಲಿ ಅಯಸ್ಕಾಂತವಿರುವ ಬಿರಡೆ ಹಾಕಿದರೆ ಫಿಲ್ಟರ್ ಇಲ್ಲದ ಕೊರತೆ ಸ್ವಲ್ಪ ನೀಗುತ್ತದೆ. ತೇಲುತ್ತಿರುವ ನಯವಾದ ಕಬ್ಬಿಣದ ಪುಡಿ ಅದಕ್ಕೆ ಅಂಟಿಕೊಳ್ಳುತ್ತದೆ. ಬಿಚ್ಚಿದಾಗ ಬೂದುಬಣ್ಣದ ನುಣ್ಣನೆಯ ಲೇಪ ಕಂಡರೆ ಅದು ಸಹಜ ಸವೆತ. ಕೈಗೆ ಚುಚ್ಚುವ ಚೂರು, ಹಲ್ಲಿನ ಚಕ್ಕೆ ಕಂಡರೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ ಎಂದರ್ಥ. ಆಗ ಮುಚ್ಚಳ ತೆಗೆದು ನೋಡಲೇಬೇಕು. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಕಂಚಿನ ಚೂರುಗಳು ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅವನ್ನು ಹಿಡಿದಿಟ್ಟ ಎಣ್ಣೆಯಲ್ಲೇ ಹುಡುಕಬೇಕು. ಕಬ್ಬಿನ ಕಾಲದ ನಡುವೆ ಲಾರಿ ನಿಂತರೆ ಕಡಿದ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ತಿಂಗಳು ಮೊದಲೇ ಸಿಕ್ಕ ಒಂದು ಚಕ್ಕೆ ಲಾರಿಯವರಿಗೂ ರೈತರಿಗೂ ಆ ನಷ್ಟವನ್ನು ತಪ್ಪಿಸಬಲ್ಲದು.

ಇಳಿಸಿದ ಎಣ್ಣೆ ಎಲ್ಲಿಗೆ?

ಬಿರಡೆಯಿಂದ ಎಣ್ಣೆ ಒಂದೇ ಧಾರೆಯಾಗಿ ಬೀಳುತ್ತದೆ, ಪೂರ್ತಿ ಡಬ್ಬಕ್ಕೆ ಹಿಡಿಯಬಹುದು. ಇದು ಚಿಕ್ಕ ಲಾಭವಲ್ಲ. 5 ಲೀಟರು ಎಣ್ಣೆ ನೀರಿನ ಮೇಲೆ ಒಂದು ಮೈಕ್ರಾನ್ ದಪ್ಪದ ಪೊರೆಯಾಗಿ ಹರಡಿದರೆ 5,000 ಚದರ ಮೀಟರನ್ನು ಮುಚ್ಚುತ್ತದೆ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅಂದರೆ ಒಂದು ಎಕರೆ ಗದ್ದೆಯ ನೀರನ್ನು ಹೊದಿಸಿ ಮಿಗುವಷ್ಟು. ಕಾಲುವೆಯಿಂದ ಗದ್ದೆಗೆ, ಗದ್ದೆಯಿಂದ ಹಳ್ಳಕ್ಕೆ ನೀರು ಸಾಗುವ ನಾಡಿನಲ್ಲಿ ಗ್ಯಾರೇಜಿನ ಪಕ್ಕದ ಚರಂಡಿಗೆ ಚೆಲ್ಲಿದ್ದು ಅಲ್ಲೇ ಉಳಿಯುವುದಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆಯನ್ನು ಪರವಾನಗಿ ಪಡೆದ ಮರುಸಂಸ್ಕರಣೆಯವರಿಗೆ ತಲುಪಿಸಬೇಕು. ಮುಚ್ಚಿದ ಡಬ್ಬದಲ್ಲಿ ಕೂಡಿಟ್ಟರೆ ಮಾತ್ರ ಅದು ಸಾಧ್ಯ.

ತರಗತಿಯಲ್ಲಿ ಮಾಡಿ ನೋಡಿ

ಹೂಳಿನ ಪ್ರಯೋಗಕ್ಕೆ ಎರಡು ಉದ್ದನೆಯ ಗಾಜಿನ ಲೋಟಗಳಲ್ಲಿ ಹರಳೆಣ್ಣೆ ತುಂಬಿ. ಒಂದನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ. ಎರಡಕ್ಕೂ ಒಂದೊಂದು ಚಿಟಿಕೆ ಕಬ್ಬಿಣದ ಅರದ ಪುಡಿ ಹಾಕಿ, ತಳ ಮುಟ್ಟುವ ಹೊತ್ತನ್ನು ಗುರುತಿಸಿಕೊಳ್ಳಿ. ಜರಡಿಯಿಂದ ದಪ್ಪ ಪುಡಿ, ನಯ ಪುಡಿ ಬೇರ್ಪಡಿಸಿ ಮತ್ತೊಮ್ಮೆ ಮಾಡಿದರೆ ತ್ರಿಜ್ಯದ ವರ್ಗದ ಪರಿಣಾಮ ಕಾಣುತ್ತದೆ. ಪುಡಿ ಕುಳಿತ ಮೇಲೆ ಒಂದು ಲೋಟದ ಎಣ್ಣೆಯನ್ನು ಕೊಳವೆಯಿಂದ ಮೇಲಿನಿಂದ ಹೀರಿ, ತಳದಲ್ಲಿ ಉಳಿದದ್ದನ್ನು ನೋಡಿ. ತಳದ ಬಳಿ ರಂಧ್ರವಿರುವ ಪ್ಲಾಸ್ಟಿಕ್ ಬಾಟಲಿಯಲ್ಲಿ ಇದನ್ನೇ ಮಾಡಿ ಹೋಲಿಸಿ.

ರಂಧ್ರದ ಪ್ರಯೋಗ ಇನ್ನೂ ಸುಲಭ. ಎರಡು ಸಮ ಅಗಲದ ಕಾಗದದ ಪಟ್ಟಿಗಳಲ್ಲಿ ಒಂದರ ನಡುವೆ ಪಂಚಿನಿಂದ ಒಂದು ದುಂಡು ತೂತು ಮಾಡಿ. ಎರಡನ್ನೂ ತೂಗುಹಾಕಿ ಸ್ವಲ್ಪ ಸ್ವಲ್ಪವಾಗಿ ಮರಳು ತುಂಬುತ್ತಾ ಹೋಗಿ. ತೂತಿನ ಪಟ್ಟಿ ಎಲ್ಲಿಂದ, ಯಾವ ದಿಕ್ಕಿಗೆ ಹರಿಯಿತು, ಎಷ್ಟು ಮರಳಿಗೆ ಹರಿಯಿತು ಎಂಬುದನ್ನು ಮಕ್ಕಳೇ ಬರೆದಿಡಲಿ.

ಹೊಸ ಬಿರಡೆ ಹಾಕಿದ ಮಾತ್ರಕ್ಕೆ ಮುಚ್ಚಳ ತೆಗೆದು ನೋಡುವ ಕೆಲಸ ತಪ್ಪುವುದಿಲ್ಲ. ಕೆರೆಗೆ ತೂಬಿದ್ದರೂ ಆಗಾಗ ಹೂಳೆತ್ತಬೇಕಾಗುತ್ತದೆ. ಆದರೆ ಎಣ್ಣೆ ಬದಲಿಸುವುದು ಸುಲಭವಾದಾಗ ಅದು ಹೊತ್ತಿಗೆ ಸರಿಯಾಗಿ ನಡೆಯುತ್ತದೆ. ತಾನು ಕೊರೆಯಲಿರುವ ಲೋಹ ಏನನ್ನು ಹೊತ್ತಿದೆ ಎಂಬುದನ್ನು ಮೊದಲು ಕೇಳಿಕೊಂಡು, ಅನಂತರ ಡ್ರಿಲ್ ಕೈಗೆತ್ತಿಕೊಳ್ಳುವವರೇ ಒಳ್ಳೆಯ ಮೆಕ್ಯಾನಿಕರು.